ಹೊಗೆ ಹೋದದ್ದೆಲ್ಲಿಗೆ?

ಬಚ್ಚಲೊಲೆಯ ಹೊಗೆ ಹೆಂಚಿನ ಸಂದಿಯಿಂದ ಮೇಲೇರಿ ಕಾಣದಾಗುತ್ತದೆ. ಹೋಯಿತು ಅಂದುಕೊಳ್ಳುತ್ತೇವೆ. ರೋಮನ್ನರೂ ಹಾಗೇ ಅಂದುಕೊಂಡಿರಬೇಕು.

ಸುಮಾರು 2000 ವರ್ಷಗಳ ಹಿಂದೆ ಅವರು ಸ್ಪೇನಿನ ಗಣಿಗಳಿಂದ ಬೆಳ್ಳಿ ತೆಗೆಯುತ್ತಿದ್ದರು. ಬೆಳ್ಳಿ ಅಡಗಿದ್ದದ್ದು ಸೀಸದ ಅದಿರಿನಲ್ಲಿ. ಅದಿರು ಕುಲುಮೆಯಲ್ಲಿ ಕರಗಿತು. ಬೆಳ್ಳಿ ನಾಣ್ಯವಾಯಿತು, ಸೀಸದ ಹೊಗೆ ಗಾಳಿ ಸೇರಿತು. ಅದರ ಕಣಗಳು ದೂರದ ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ಬಿದ್ದವು. ಹಿಮ ವರ್ಷವರ್ಷವೂ ಪದರ ಪದರವಾಗಿ ಗಟ್ಟಿಯಾಯಿತು. ಈಚೆಗೆ ವಿಜ್ಞಾನಿಗಳು ಕೊರೆದು ನೋಡಿದರೆ, ಸೀಸ ಅಲ್ಲೇ ಇದೆ! ಸಾಮ್ರಾಜ್ಯದಲ್ಲಿ ಮಹಾಮಾರಿ ಹಬ್ಬಿ ಗಣಿಗಳು ಸೊರಗಿದ ಕಾಲದ ಪದರಗಳಲ್ಲಿ ಅದು ಕಡಿಮೆ.

ಅದೇ ಹಿಮದಲ್ಲಿ 1783ರ ಗಂಧಕವೂ ಇದೆ. ಆ ವರ್ಷ ಐಸ್‌ಲ್ಯಾಂಡಿನ ಲಾಕಿಯಲ್ಲಿ ನೆಲ ಬಿರಿದು ಎಂಟು ತಿಂಗಳು ಲಾವಾ ಉಕ್ಕಿತು. ಕೊಂದದ್ದು ಲಾವಾ ಅಲ್ಲ, ಜೊತೆಗೆ ಬಂದ ಹೊಗೆ. ಹುಲ್ಲಿನ ಮೇಲೆ ಫ್ಲೋರಿನ್ ವಿಷ ಕೂತಿತು. ಮೇಯ್ದ ಕುರಿಗಳು ಸತ್ತವು. ಹಿಂದೆಯೇ ಬರ, ಹಸಿವು. ದೇಶದ ಐದರಲ್ಲೊಂದು ಪಾಲು ಜನ ಹೋದರು.

ಬೆಟ್ಟ ಉಗುಳಿದರೆ ತಡೆಯುವವರಾರು? ಕುಲುಮೆಯ ಮಾತು ಬೇರೆ. ಅಲ್ಲಿ ತಿದಿ ಒತ್ತಿದ ಕೈ ಮನುಷ್ಯರದು. ಪೆಟ್ರೋಲಿಗೆ ಸೀಸ ಬೆರೆಸಿದ ಕೈಯೂ ಮನುಷ್ಯರದೇ. ಆಮೇಲೆ ದೇಶಗಳು ಒಂದೊಂದಾಗಿ ಅದನ್ನು ತೆಗೆದವು. ಭಾರತ 2000ದಲ್ಲಿ ತೆಗೆಯಿತು. ಗ್ರೀನ್‌ಲ್ಯಾಂಡಿನ ಹೊಸ ಹಿಮದಲ್ಲಿ ಸೀಸ ಎಷ್ಟೋ ಇಳಿದಿದೆ.