ಕುಮಾರ ಗಂಧರ್ವರನ್ನು ಅಳೆಯುವುದು ಹೇಗೆ?

(ಬೈಲಹೊಂಗಲದಲ್ಲಿ ಮಾಡಿದ ಭಾಷಣದ ಬರಹರೂಪ)



ಕುಮಾರ ಗಂಧರ್ವರ ಹೆಸರು ಬಂದರೆ ರಸಿಕರಲ್ಲಿ ಇಂದಿಗೂ ವಾದ ಏಳುತ್ತದೆ. ರಾಗವನ್ನು ತುಂಡು ತುಂಡು ಮಾಡಿದರು ಎಂದು ಒಬ್ಬರು, ಹೊಸ ಜೀವ ಕೊಟ್ಟರು ಎಂದು ಇನ್ನೊಬ್ಬರು. ನಾನು ಹೇಳುವುದು ಇಷ್ಟೆ: ಅವರ ಕಾಯಿಲೆಯನ್ನು ಅವರ ಕಲೆಯ ಅಳತೆಗೋಲು ಮಾಡಬಾರದು.

ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಅವರ ಜನನ. ಶಿವಪುತ್ರ ಎಂಬುದು ಹುಟ್ಟು ಹೆಸರು. ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದ ದೊಡ್ಡ ಗಾಯಕರನ್ನು ಹಾಗೆಯೇ ಹಾಡಿ ತೋರಿಸಿ ಬಾಲಕನಾಗಿದ್ದಾಗಲೇ ಹೆಸರಾದರು. ಮುಂಬಯಿಯಲ್ಲಿ ಬಿ.ಆರ್. ದೇವಧರರ ಶಿಷ್ಯರಾದರು. ಮುಂದೆ ಕ್ಷಯರೋಗ ತಗಲಿ, 1948ರಲ್ಲಿ ಈಗಿನ ಮಧ್ಯಪ್ರದೇಶದ ದೇವಾಸ್ ಸೇರಿದರು. ಕೆಲವು ವರ್ಷ ಹಾಡುವಂತೆಯೇ ಇರಲಿಲ್ಲ. ಗುಣವಾದರೂ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು.

ಟೀಕಾಕಾರರು, ಉಸಿರು ಸಾಲದೆ ಚಿಕ್ಕ ಚಿಕ್ಕ ತಾನ್ ಹಾಕುತ್ತಾರೆ ಎಂದರು. ಅಭಿಮಾನಿಗಳು, ಒಂದೇ ಶ್ವಾಸಕೋಶದಲ್ಲಿ ಇಷ್ಟು ಹಾಡಿದರಲ್ಲ ಎಂದು ಬೆರಗಾದರು. ಮೊದಲನೆಯದು ದೂರು, ಎರಡನೆಯದು ಕನಿಕರ. ಎರಡೂ ಹಾಡಿನ ವಿಮರ್ಶೆಯಲ್ಲ. ಉಸಿರು ಸಾಲದವನು ಎಲ್ಲೆಂದರಲ್ಲಿ ನಿಲ್ಲುತ್ತಾನೆ. ಕುಮಾರರು ನಿಲ್ಲುವುದು ಚೀಜಿನ ಮಾತು ಅರ್ಥ ಕೊಡುವ ಕಡೆ. ಆ ಮೌನದಲ್ಲಿ ತಂಬೂರಿಯ ಶ್ರುತಿ ತುಂಬಿಕೊಳ್ಳುತ್ತದೆ. ಮುಂದಿನ ಸ್ವರ ಅದರೊಳಗಿಂದಲೇ ಏಳುತ್ತದೆ.

ಕಾಯಿಲೆಯ ದಿನಗಳಲ್ಲಿ ಅವರು ಮಾಳ್ವದ ಜನಪದ ಹಾಡುಗಳಿಗೆ ಕಿವಿಗೊಟ್ಟರು. ರಾಗದ ಬೇರು ಜನಪದ ಧಾಟಿಯಲ್ಲಿದೆ ಎಂದು ವಾದಿಸಿದರು. ಮಾಲವತಿ, ಸಂಜಾರಿ, ಲಗನ್ ಗಾಂಧಾರ ರಾಗಗಳನ್ನು ಹಾಡಿ ತೋರಿಸಿದರು. 1965ರಲ್ಲಿ 'ಅನೂಪರಾಗವಿಲಾಸ' ಗ್ರಂಥ ಬಂತು. ಸವದತ್ತಿ ಗುಡ್ಡದ ಚೌಡಿಕೆ ಪದ, ಕಿತ್ತೂರು, ರಾಮದುರ್ಗದ ಹಳ್ಳಿಗಳ ಭಜನೆ ಕೇಳಿ ಬೆಳೆದ ನಮಗೆ ಇದು ದೂರದ ಮಾತಲ್ಲ.

ಹಾಗೆಂದು ಆಕ್ಷೇಪವೆಲ್ಲ ಸುಳ್ಳಲ್ಲ. ಸ್ವರಕ್ಕೆ ಸ್ವರ ಹೆಣೆದು ಎಲ್ಲಿಯೂ ಕಡಿಯದೆ ಹರಿಯುವ ಗಾಯನ ಬೇಕೆನ್ನುವವರಿಗೆ ಕುಮಾರರಲ್ಲಿ ಕೊರತೆ ಕಂಡೀತು. ಅಂಥವರಿಗೆ ಜೈಪುರ-ಅತ್ರೌಲಿ ಘರಾಣೆಯ ಮಲ್ಲಿಕಾರ್ಜುನ ಮನಸೂರರಿದ್ದಾರೆ. ಇಬ್ಬರೂ ಈ ಸೀಮೆಯ ಮಕ್ಕಳು. ಇಬ್ಬರೂ ತೀರಿಕೊಂಡದ್ದು 1992ರಲ್ಲಿ, ಕುಮಾರರು ಜನವರಿಯಲ್ಲಿ, ಮನಸೂರರು ಸೆಪ್ಟೆಂಬರಿನಲ್ಲಿ. ಒಬ್ಬರು ಘರಾಣೆಯೊಳಗೇ ಆಳಕ್ಕಿಳಿದರು, ಇನ್ನೊಬ್ಬರು ಘರಾಣೆಯ ಬೇಲಿ ದಾಟಿದರು. ಒಬ್ಬರ ಅಳತೆಯಿಂದ ಇನ್ನೊಬ್ಬರನ್ನು ತೂಗಿದರೆ ನಷ್ಟ ಕೇಳುಗನಿಗೇ.

ಇನ್ನು ಮುಂದೆ ಕುಮಾರರ ಧ್ವನಿಮುದ್ರಿಕೆ ಕೇಳುವಾಗ ಉಸಿರು ಎಷ್ಟು ಹೊತ್ತು ಹಿಡಿದರು ಎಂದು ಎಣಿಸಬೇಡಿ. ಎಲ್ಲಿ ನಿಂತರು, ಏಕೆ ನಿಂತರು ಎಂದು ಗಮನಿಸಿ. ಆಮೇಲೆ ಬೇಕಾದರೆ ವಾದ ಮಾಡೋಣ.