ದೈತ್ಯನ ದೂರು

(ಸ್ಯಾಂಟಾ ಕ್ಲಾರಿಟಾದ ಕನ್ನಡಿಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಸ್ಯಾಂಟಾ ಕ್ಲಾರಿಟಾದಿಂದ ಹದಿನಾಲ್ಕನೆಯ ಹೆದ್ದಾರಿ ಹಿಡಿದು ಈಶಾನ್ಯಕ್ಕೆ ಹೋದರೆ ಅಗುವಾ ಡುಲ್ಸೆಯ ಹತ್ತಿರ, ನೆಲವನ್ನು ಸೀಳಿಕೊಂಡು ಓರೆಯಾಗಿ ಎದ್ದು ನಿಂತ ಮರಳುಗಲ್ಲಿನ ಬಂಡೆಗಳು ಕಾಣುತ್ತವೆ. ಅವು ವಾಸ್ಕೆಸ್ ಬಂಡೆಗಳು. ರಜಾದಿನಗಳಲ್ಲಿ ಇಲ್ಲಿನ ಕನ್ನಡ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಮಕ್ಕಳನ್ನು ಕರೆದೊಯ್ಯುವ ಈ ಜಾಗ 1935ರಲ್ಲಿ ಟಿಬೆಟ್ ಆಗಿತ್ತು. ಆ ವರ್ಷ ತೆರೆಕಂಡ ಯೂನಿವರ್ಸಲ್ ಸಂಸ್ಥೆಯ ‘ವೇರ್‌ವುಲ್ಫ್ ಆಫ್ ಲಂಡನ್’ ಚಿತ್ರದಲ್ಲಿ ಇಂಗ್ಲಿಷ್ ಸಸ್ಯವಿಜ್ಞಾನಿಯೊಬ್ಬ ಬೆಳದಿಂಗಳಲ್ಲಿ ಅರಳುವ ಹೂವನ್ನು ಹುಡುಕುತ್ತ ಟಿಬೆಟ್ಟಿಗೆ ಹೋಗುತ್ತಾನೆ. ಅಲ್ಲಿ ತೋಳಮನುಷ್ಯನೊಬ್ಬ ಅವನನ್ನು ಕಚ್ಚುತ್ತಾನೆ. ಆ ರೋಗ ಅವನೊಂದಿಗೆ ಲಂಡನ್ ತಲುಪುತ್ತದೆ. ಕಚ್ಚಿದವನ ಹೆಸರು ಯೊಗಾಮಿ. ಆ ಪಾತ್ರವನ್ನು ವಹಿಸಿದವನು ಸ್ವೀಡನ್ನಿನಲ್ಲಿ ಹುಟ್ಟಿದ ನಟ ವಾರ್ನರ್ ಓಲಂಡ್. ಕ್ಯಾಲಿಫೋರ್ನಿಯಾದ ಬಂಡೆ ಮತ್ತು ಸ್ವೀಡನ್ನಿನ ಮುಖ ಸೇರಿ ‘ಏಷ್ಯಾದಿಂದ ಬಂದ ಪೀಡೆ’ ಸಿದ್ಧವಾದದ್ದು ಹೀಗೆ.

ಹಳೆಯ ಭಯದ ಚಿತ್ರಗಳನ್ನು, ದೈತ್ಯಜೀವಿಗಳ ಚಿತ್ರಗಳನ್ನು ಇಂದು ನೋಡುವವರು ಹೆಚ್ಚಾಗಿ ನಗುವುದಕ್ಕೆಂದೇ ನೋಡುತ್ತಾರೆ. ರಬ್ಬರಿನ ಉಡುಪು, ಎಳೆದಾಡಿಸಿದಂತೆ ಚಲಿಸುವ ಜೇಡ, ಆಟಿಕೆಯ ರೈಲು, ಇವೆಲ್ಲ ನಗು ತರಿಸಿದರೆ ತಪ್ಪೇನಿಲ್ಲ. ಆದರೆ ನಕ್ಕು ಮುಗಿದ ಮೇಲೆ ಈ ಚಿತ್ರಗಳಿಗೆ ಎರಡು ಪ್ರಶ್ನೆಗಳನ್ನು ಹಾಕಬಹುದು. ದೈತ್ಯ ಎಲ್ಲಿಂದ ಬಂದನೆಂದು ಚಿತ್ರ ಹೇಳುತ್ತದೆ? ಅವನಿಗೊಂದು ದೂರು ಇದ್ದರೆ ಅದನ್ನು ಕೇಳಿಸಿಕೊಳ್ಳುವವರು ಯಾರು? ಮೊದಲನೆಯ ಪ್ರಶ್ನೆಗೆ ಹಾಲಿವುಡ್ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ. ಎರಡನೆಯದಕ್ಕೆ ಬಹುಪಾಲು ಕಿವುಡಾಗಿಯೇ ಉಳಿದಿದೆ.

ಈ ಬಂಡೆಗಳ ಹೆಸರಿನಲ್ಲಿಯೇ ಆ ಎರಡನೆಯ ಪ್ರಶ್ನೆ ಅಡಗಿದೆ. ತಿಬುರ್ಸಿಯೊ ವಾಸ್ಕೆಸ್ 1870ರ ದಶಕದಲ್ಲಿ ಇಲ್ಲಿ ತಲೆಮರೆಸಿಕೊಂಡಿದ್ದವನು. 1875ರಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಸರಕಾರಕ್ಕೆ ಅವನು ದರೋಡೆಕೋರ. ಹೊಸ ಆಡಳಿತದ ಕೆಳಗೆ ನೆಲವನ್ನೂ ಮಾನವನ್ನೂ ಕಳೆದುಕೊಂಡ ಮೆಕ್ಸಿಕನ್ ಮೂಲದ ಹಲವರಿಗೆ ಅವನು ಅಷ್ಟೇ ಆಗಿರಲಿಲ್ಲ.

ಪೀಡೆಯೆಲ್ಲ ಹೊರಗಿನಿಂದ ಬರುತ್ತದೆ ಎಂಬ ನಂಬಿಕೆಯ ಕಾಲದಲ್ಲಿ ಮೈಸೂರು ಸಂಸ್ಥಾನದ ಹುಡುಗನೊಬ್ಬ ಇದೇ ಚಿತ್ರಲೋಕಕ್ಕೆ ಬಂದ. ಕಬಿನಿ ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ, ಮಾವುತನ ಮಗ ಸಾಬು. ರಾಬರ್ಟ್ ಫ್ಲಾಹರ್ಟಿ ಮತ್ತು ಝೋಲ್ಟಾನ್ ಕೊರ್ಡಾ ನಿರ್ದೇಶಿಸಿದ 1937ರ ‘ಎಲಿಫೆಂಟ್ ಬಾಯ್’ ಅವನನ್ನು ಪ್ರಸಿದ್ಧಿಗೆ ತಂದಿತು. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ ಅವನು ಗುಡಿಯೊಳಗೆ ದೈತ್ಯ ಜೇಡವೊಂದರೊಡನೆ ಸೆಣಸುತ್ತಾನೆ. ಶೀಶೆಯೊಳಗೆ ಶತಮಾನಗಳ ಕಾಲ ಸೆರೆಯಾಗಿದ್ದ ಜಿನ್ನಿಯನ್ನು ಬಿಡಿಸುತ್ತಾನೆ. ಆ ಜಿನ್ನಿಯ ಪಾತ್ರದಲ್ಲಿದ್ದವನು ಆಫ್ರಿಕನ್ ಅಮೆರಿಕನ್ ನಟ ರೆಕ್ಸ್ ಇನ್‌ಗ್ರಾಮ್. ಜೇಡಕ್ಕೆ ದೂರಿಲ್ಲ, ಅದು ಸಾಯುವುದಕ್ಕಷ್ಟೇ ಇದೆ. ಜಿನ್ನಿಗೆ ಮಾತ್ರ ದೂರಿದೆ: ತನ್ನನ್ನು ಸೆರೆಯಲ್ಲಿಟ್ಟವರ ಮೇಲೆ ಸಿಟ್ಟಿದೆ, ಬಿಡುಗಡೆಯ ಹಂಬಲವಿದೆ. ಮೂರು ವರಗಳ ಋಣ ತೀರಿದೊಡನೆ ಅವನು ಗಹಗಹಿಸಿ ನಗುತ್ತ ಹಾರಿಹೋಗುತ್ತಾನೆ. ಜನಾಂಗಭೇದ ಕಾನೂನಾಗಿದ್ದ ದೇಶದ ತೆರೆಯ ಮೇಲೆ ಒಬ್ಬ ಕಪ್ಪು ನಟನ ಆ ನಗು ಚಿತ್ರಕಥೆಗಿಂತ ದೊಡ್ಡದಾಗಿ ಕೇಳಿಸುತ್ತದೆ.

ಸಾಬು ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆ ಸೇರಿ ಬಾಂಬರ್ ವಿಮಾನದ ಬಂದೂಕುಗಾರನಾಗಿ ಪದಕ ಗಳಿಸಿದ. 1944ರಲ್ಲಿ ಇಲ್ಲಿನ ಪೌರನಾದ. ಭಾರತೀಯರು ‘ಬಿಳಿಯ’ರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂಬ 1923ರ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯ ತೀರ್ಪು ಆಗಲೂ ಜಾರಿಯಲ್ಲಿತ್ತು. ಭಾರತೀಯರಿಗೆಲ್ಲ ಆ ಬಾಗಿಲು ತೆರೆದದ್ದು 1946ರ ಲೂಸ್–ಸೆಲರ್ ಕಾಯಿದೆಯಿಂದ. ಈ ದೇಶದ ಕಾನೂನು ಪರದೇಶಿಯನ್ನು ಕರೆಯುವ ಹೆಸರು ‘ಏಲಿಯನ್’. ಸಿನಿಮಾ ಅನ್ಯಗ್ರಹದ ಜೀವಿಯನ್ನು ಕರೆಯುವ ಹೆಸರೂ ಅದೇ. ವೀಸಾದ ಮೇಲೆ ದುಡಿಯುವ ಎಷ್ಟೋ ಕನ್ನಡಿಗರು ತೆರಿಗೆಯ ಕಾಗದದಲ್ಲಿ ಆ ಪದವನ್ನು ತಮ್ಮ ಹೆಸರಿನ ಪಕ್ಕದಲ್ಲಿ ಓದಿದ್ದಾರೆ. ಹಾಗಿದ್ದೂ, ಗಡಿ ದಾಟಿ ಬಂದ ಕೂಲಿಯನ್ನು ಪೀಡೆಯೆಂದು ಕರೆಯುವ ರಾಜಕಾರಣಕ್ಕೆ ಇದೇ ಕನ್ನಡಿಗರ ಬೈಠಕ್‌ಖಾನೆಗಳಲ್ಲಿ ತಲೆದೂಗುವವರಿದ್ದಾರೆ. ಸಾಬುವನ್ನು ‘ನಮ್ಮ ಮೈಸೂರಿನ ಹುಡುಗ’ ಎಂದು ಹೆಮ್ಮೆಯಿಂದ ನೆನೆಯುವವರು, ಅವನಂಥದೇ ಹೆಸರಿನ ಹುಡುಗನನ್ನು ಇಂದಿನ ಕರ್ನಾಟಕದಲ್ಲಿ ಯಾವ ಕಣ್ಣಿನಿಂದ ನೋಡಲಾಗುತ್ತಿದೆ ಎಂಬುದನ್ನೂ ನೆನೆಯಬೇಕು.

1950ರ ದಶಕದಲ್ಲಿ ಮೊದಲ ಪ್ರಶ್ನೆಯ ಉತ್ತರ ಬದಲಾಯಿತು. ಗಾರ್ಡನ್ ಡಗ್ಲಸ್ ನಿರ್ದೇಶಿಸಿದ 1954ರ ‘ದೆಮ್!’ ಚಿತ್ರದ ದೈತ್ಯ ಇರುವೆಗಳು ಟಿಬೆಟ್ಟಿನಿಂದ ಬಂದವಲ್ಲ, ಮಂಗಳ ಗ್ರಹದಿಂದಲೂ ಬಂದವಲ್ಲ. 1945ರಲ್ಲಿ ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ನಡೆದ ಮೊಟ್ಟಮೊದಲ ಅಣುಸ್ಫೋಟದ ವಿಕಿರಣದಿಂದ ಹುಟ್ಟಿದವು. ಕೊನೆಗೆ ಅವು ಲಾಸ್ ಏಂಜಲೀಸ್ ನದಿಗೆ ಸೇರುವ ಮಳೆನೀರಿನ ಸುರಂಗಗಳಲ್ಲಿ ಗೂಡು ಕಟ್ಟುತ್ತವೆ. ಪೀಡೆ ಮನೆಯಲ್ಲಿಯೇ ಹುಟ್ಟಿತು, ಅದನ್ನು ಹುಟ್ಟಿಸಿದ್ದು ಪ್ರಭುತ್ವ ಎಂದು ಹೇಳುವ ಧೈರ್ಯ ಈ ಚಿತ್ರಕ್ಕಿತ್ತು. ಇಂಥ ಚಿತ್ರಗಳಲ್ಲಿ ಸಾಮಾಜಿಕ ವಿಮರ್ಶೆ ಇಲ್ಲವೇ ಇಲ್ಲ ಎಂದು ಸೂಸನ್ ಸೊಂಟಾಗ್ 1965ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಾದಿಸಿದರು. ‘ದೆಮ್!’ ಮಟ್ಟಿಗೆ ಆ ಮಾತನ್ನು ಪೂರ್ತಿ ಒಪ್ಪುವುದು ಕಷ್ಟ.

ಆದರೆ ಅರ್ಧ ಒಪ್ಪಲೇಬೇಕು. ಇರುವೆಗಳನ್ನು ಹುಟ್ಟಿಸಿದ ಸೇನೆಯೇ ಬೆಂಕಿ ಉಗುಳುವ ಕೊಳವೆ ಹಿಡಿದು ಅವನ್ನು ಸುಡುತ್ತದೆ. ತಪ್ಪು ಮಾಡಿದವನೇ ರಕ್ಷಕನಾಗುತ್ತಾನೆ. ಟ್ರಿನಿಟಿ ಸ್ಫೋಟದ ಬೂದಿ ಬಿದ್ದ ಹಳ್ಳಿಗಳ ಜನ, ಅಲ್ಲಿನ ಸ್ಪ್ಯಾನಿಷ್ ಮಾತಿನ ರೈತರು ಮತ್ತು ಮೂಲನಿವಾಸಿಗಳು, ಚಿತ್ರದಲ್ಲಿ ಕಾಣುವುದೇ ಇಲ್ಲ. ಕಾನೂನಿನಲ್ಲಿಯೂ ಅವರು ಬಹುಕಾಲ ಕಾಣಲಿಲ್ಲ. ವಿಕಿರಣಪೀಡಿತರ ಪರಿಹಾರಕ್ಕೆಂದು 1990ರಲ್ಲಿ ಮಾಡಿದ ಕಾಯಿದೆ ಟ್ರಿನಿಟಿಯ ನೆರೆಯವರನ್ನು ಹೊರಗಿಟ್ಟಿತ್ತು. ಅವರನ್ನು ಸೇರಿಸಿಕೊಂಡದ್ದು 2025ರಲ್ಲಿ, ಸ್ಫೋಟವಾಗಿ ಎಂಬತ್ತು ವರ್ಷ ಕಳೆದ ಮೇಲೆ.

ಚಿತ್ರದಲ್ಲಿ ಒಂದು ಸಣ್ಣ ದೃಶ್ಯವಿದೆ. ಹಾರುವ ಇರುವೆಗಳನ್ನು ಕಂಡೆನೆಂದು ಹೇಳಿದ ವಿಮಾನ ಚಾಲಕನೊಬ್ಬನನ್ನು ಮಾನಸಿಕ ಆಸ್ಪತ್ರೆಯಲ್ಲಿ ಇರಿಸಲಾಗಿದೆ. ವಿಚಾರಣೆಗೆ ಬಂದ ಅಧಿಕಾರಿಗಳಿಗೆ ಅವನು ಹೇಳುವುದು ನಿಜವೆಂದು ಗೊತ್ತು. ಆದರೂ ಅವನನ್ನು ಬಿಡಬಾರದೆಂದು ವೈದ್ಯರಿಗೆ ಸೂಚಿಸಿ ಹೊರಟುಹೋಗುತ್ತಾರೆ. ಸುದ್ದಿ ಹೊರಬಿದ್ದರೆ ಜನ ಗಾಬರಿಯಾಗುತ್ತಾರೆಂಬುದು ಕಾರಣ. ಚಿತ್ರ ಇದನ್ನು ಅನ್ಯಾಯವೆಂದು ತೋರಿಸುವುದಿಲ್ಲ, ನಗೆಯಲ್ಲಿ ತೇಲಿಸಿ ಮುಂದೆ ಸಾಗುತ್ತದೆ.

ಅದೇ 1954ರಲ್ಲಿ ಜಪಾನಿನಲ್ಲಿ ‘ಗೊಜಿರಾ’ ಬಂತು. ಆ ವರ್ಷದ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿ ಒಂದು ಮೀನುಗಾರಿಕೆಯ ದೋಣಿಯ 23 ಜನರ ಮೇಲೆ ಬಿದ್ದಿತ್ತು. ದೋಣಿಯ ರೇಡಿಯೋ ನಿರ್ವಾಹಕ ಕುಬೊಯಾಮಾ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರ್ 3ಕ್ಕೆ ಇಶಿರೊ ಹೊಂಡಾ ಅವರ ಚಿತ್ರ ತೆರೆಕಂಡಿತು. ಅದು ಆರಂಭವಾಗುವುದೇ ಬೆಳಕಿನ ಹೊಡೆತಕ್ಕೆ ಸಿಕ್ಕ ದೋಣಿಯೊಂದರಿಂದ. ಗೊಜಿರಾ ಸುಮ್ಮನೆ ನಗರ ತುಳಿಯುವ ಪ್ರಾಣಿಯಲ್ಲ. ಬಾಂಬಿನಿಂದ ನೆಲೆ ಕಳೆದುಕೊಂಡು ಮೈಯೆಲ್ಲ ವಿಕಿರಣ ಹೊತ್ತು ಬಂದ ಸಂತ್ರಸ್ತ. ಕೊಲ್ಲುವ ದೃಶ್ಯದಲ್ಲೂ ಚಿತ್ರ ಗೆದ್ದ ಸಂಭ್ರಮ ಪಡುವುದಿಲ್ಲ. ಪರೀಕ್ಷೆಗಳು ನಿಲ್ಲದಿದ್ದರೆ ಇನ್ನೊಬ್ಬ ಗೊಜಿರಾ ಬಂದಾನು ಎಂಬ ಮುದಿ ವಿಜ್ಞಾನಿಯ ಎಚ್ಚರಿಕೆಯೊಂದಿಗೆ ಅದು ಮುಗಿಯುತ್ತದೆ.

ಅಮೆರಿಕದ ಪ್ರೇಕ್ಷಕರು ನೋಡಿದ್ದು ಈ ಚಿತ್ರವನ್ನಲ್ಲ. 1956ರಲ್ಲಿ ಇಲ್ಲಿನ ವಿತರಕರು ಅದನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ನಟನನ್ನು ಅಮೆರಿಕನ್ ಪತ್ರಕರ್ತನನ್ನಾಗಿ ಮಾಡಿ, ಹೊಸ ದೃಶ್ಯಗಳನ್ನು ಇಲ್ಲೇ ಹಾಲಿವುಡ್‌ನಲ್ಲಿ ಚಿತ್ರಿಸಿ ಸೇರಿಸಿದರು. ರೈಲಿನಲ್ಲಿ ಪ್ರಯಾಣಿಕರು ವಿಷ ತಗುಲಿದ ಮೀನಿನ ಬಗ್ಗೆ, ನಾಗಸಾಕಿಯಿಂದ ಬದುಕಿ ಬಂದ ಬಗ್ಗೆ ಆಡುವ ಮಾತು ಹೋಯಿತು. ಸುದ್ದಿಯನ್ನು ಮುಚ್ಚಿಡಬೇಕೆ, ಜನಕ್ಕೆ ತಿಳಿಸಬೇಕೆ ಎಂದು ಸಂಸತ್ತಿನಲ್ಲಿ ನಡೆಯುವ ಜಗಳ ಹೋಯಿತು. ಕೊನೆಯ ಎಚ್ಚರಿಕೆ ಹೋಗಿ, ಜಗತ್ತು ನೆಮ್ಮದಿಯಾಯಿತೆಂಬ ಮಾತು ಬಂತು. ದೈತ್ಯ ಉಳಿದ, ಅವನ ದೂರನ್ನು ಕತ್ತರಿಸಿ ಎಸೆಯಲಾಯಿತು. ಮೂಲ ಚಿತ್ರ ಇಲ್ಲಿನ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡದ್ದು ಅರ್ಧ ಶತಮಾನದ ಬಳಿಕ, 2004ರಲ್ಲಿ.

ಇದೆಲ್ಲ ಸಿನಿಮಾದ ಮಾತು ತಾನೆ ಎನ್ನುವವರು ಸ್ಯಾಂಟಾ ಕ್ಲಾರಿಟಾದಿಂದ ನೈಋತ್ಯಕ್ಕೆ, ಸಿಮಿ ಬೆಟ್ಟಗಳ ಕಡೆಗೆ ನೋಡಬೇಕು. ಸಾಬು ತನ್ನ ಕೊನೆಯ ವರ್ಷಗಳನ್ನು ಕಳೆದು 1963ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡ ಚಾಟ್ಸ್‌ವರ್ತ್ ಆ ಬೆಟ್ಟಗಳ ಬುಡದಲ್ಲಿದೆ. ಬೆಟ್ಟದ ಮೇಲಿತ್ತು ಸ್ಯಾಂಟಾ ಸುಸಾನಾ ಪ್ರಯೋಗಾಲಯ. ಅಲ್ಲಿನ ಸೋಡಿಯಂ ರಿಯಾಕ್ಟರ್ 1957ರಲ್ಲಿ ಮೂರ್‌ಪಾರ್ಕ್ ಊರಿಗೆ ವಿದ್ಯುತ್ ಕೊಟ್ಟಾಗ ದೂರದರ್ಶನದಲ್ಲಿ ಅದರ ಪ್ರಚಾರವಾಯಿತು. 1959ರ ಜುಲೈನಲ್ಲಿ ಅದೇ ರಿಯಾಕ್ಟರಿನ 43 ಇಂಧನ ಘಟಕಗಳಲ್ಲಿ 13 ಭಾಗಶಃ ಕರಗಿ ಹಾನಿಗೊಂಡಾಗ ಪ್ರಚಾರವಾಗಲಿಲ್ಲ. ಅಪಘಾತದ ನಿಜವಾದ ಪ್ರಮಾಣ ಜನರಿಗೆ ತಿಳಿದದ್ದು 1979ರಲ್ಲಿ. ಇರುವೆಗಳನ್ನು ಕಂಡ ಆ ಚಾಲಕನನ್ನು ಕೂಡಿಹಾಕಿದ ಬುದ್ಧಿಯೇ ಇಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿತು.

ಸ್ಥಳವನ್ನು 2017ರೊಳಗೆ ಶುದ್ಧಗೊಳಿಸುವುದಾಗಿ ಒಪ್ಪಂದಗಳಾಗಿದ್ದವು. ಆ ವರ್ಷ ಕಳೆಯಿತು, ಕೆಲಸ ಮುಗಿಯಲಿಲ್ಲ. 2018ರ ನವೆಂಬರಿನ ವೂಲ್ಸಿ ಕಾಳ್ಗಿಚ್ಚು ಹೊತ್ತಿಕೊಂಡದ್ದೂ ಆ ನೆಲದಲ್ಲಿಯೇ. ಸುತ್ತಲ ಊರುಗಳ ಅರ್ಬುದರೋಗಕ್ಕೂ ಆ ಬೆಟ್ಟಕ್ಕೂ ಎಷ್ಟು ಸಂಬಂಧ ಎಂಬ ವಿವಾದ ಮುಗಿದಿಲ್ಲ. ಆದರೆ ಮಕ್ಕಳ ಕಾಯಿಲೆಯನ್ನು ಕಂಡ ತಾಯಂದಿರು ಸಭೆಯಿಂದ ಸಭೆಗೆ ಹೋಗಿ ಕೇಳುತ್ತಿರುವುದು ಸರಳವಾದದ್ದು: ಕೊಟ್ಟ ಮಾತಿನಂತೆ ನೆಲ ಶುದ್ಧಮಾಡಿ. ಕರ್ನಾಟಕದ ಊರುಗಳಲ್ಲಿ ಒಂದು ಕಾಲಕ್ಕೆ ರಾತ್ರಿ ಬಾಗಿಲು ತಟ್ಟುವ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವ ಓದಿ ಹಿಂತಿರುಗುತ್ತಿತ್ತು, ಮರುರಾತ್ರಿ ಬಂದು ಮತ್ತೆ ಅದನ್ನೇ ಓದುತ್ತಿತ್ತು. ಇಲ್ಲಿ ಪೀಡೆ ಮನೆಯೊಳಗಿದೆ. ‘ನಾಳೆ ಬಾ’ ಎನ್ನಿಸಿಕೊಳ್ಳುತ್ತಿರುವವರು ದೂರು ಹಿಡಿದು ಬಂದವರು.

ದೂರು ಕೇಳುವ ಬೇರೊಂದು ಪದ್ಧತಿಯೂ ಕನ್ನಡನಾಡಿಗೆ ಗೊತ್ತಿದೆ. ತುಳುನಾಡಿನ ಪಾಡ್ದನಗಳ ಪ್ರಕಾರ ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡ ಇನ್ನೆಲ್ಲಿಯೂ ಅಂಥದ್ದನ್ನು ಕಡೆಯಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಕಲ್ಕುಡನೂ ತಂಗಿ ಕಲ್ಲುರ್ಟಿಯೂ ಭೂತಗಳಾಗಿ ಅರಸನನ್ನು ಕಾಡಿದರು. ಆ ಭೂತಗಳನ್ನು ಯಾರೂ ಬೆಂಕಿಯ ಕೊಳವೆಯಿಂದ ಸುಡಲಿಲ್ಲ. ಅವಕ್ಕೆ ಸ್ಥಾನ ಕೊಟ್ಟರು, ಕೋಲ ಕಟ್ಟಿದರು. ಕಡಿದ ಕೈಯ ಕಥೆಯನ್ನು ಇಂದಿಗೂ ಊರ ಮುಂದೆ ಹಾಡಲಾಗುತ್ತದೆ. ಭಯ ಹುಟ್ಟಿಸುವುದರ ಹಿಂದೆ ಅನ್ಯಾಯವೊಂದಿದೆ, ಅದನ್ನು ಕೇಳದೆ ಶಾಂತಿಯಿಲ್ಲ ಎಂಬ ತಿಳಿವಳಿಕೆ ಅದರಲ್ಲಿದೆ.

ಹಾಗೆಂದು ಬೀಗುವ ಅಗತ್ಯವಿಲ್ಲ. ಕೋಲದ ರಾತ್ರಿ ದೈವವಾಗಿ ನ್ಯಾಯ ನುಡಿಯುವ ನಲಿಕೆ, ಪರವ, ಪಂಬದ ಸಮುದಾಯಗಳ ಕಲಾವಿದ ಬೆಳಗಾದೊಡನೆ ಜಾತಿಯ ಗೆರೆಯಾಚೆಗೆ ಮರಳಬೇಕಾದ ಚರಿತ್ರೆಯೂ ಅದೇ ಅಂಗಳದ್ದು. ಭೂತದ ದೂರನ್ನು ಕೇಳಿದ ಊರು ಅದನ್ನು ನುಡಿದವನ ದೂರನ್ನು ಕೇಳಲಿಲ್ಲ. ಹಾಲಿವುಡ್ಡಿಗೆ ಹಾಕುವ ಪ್ರಶ್ನೆಯನ್ನು ಊರಿಗೂ ಹಾಕದಿದ್ದರೆ ಈ ವಿಮರ್ಶೆ ಬರಿಯ ವಲಸಿಗರ ಹೆಮ್ಮೆಯಾಗುತ್ತದೆ.

ಗೆಳೆಯರೆ, ಈ ಹಳೆಯ ಚಿತ್ರಗಳನ್ನು ಮಕ್ಕಳೊಂದಿಗೆ ಕುಳಿತು ನೋಡಿ. ಜೇಡಕ್ಕೂ ರಬ್ಬರಿನ ಬಾಲಕ್ಕೂ ಧಾರಾಳವಾಗಿ ನಗಿ. ‘ಗೊಜಿರಾ’ದ ಎರಡೂ ರೂಪಗಳನ್ನು ಒಂದರ ಹಿಂದೆ ಒಂದರಂತೆ ತೋರಿಸಿ, ಏನೇನು ಕಾಣೆಯಾಯಿತೆಂದು ಮಕ್ಕಳೇ ಪಟ್ಟಿ ಮಾಡಲಿ. ‘ದೆಮ್!’ ನೋಡುವಾಗ ಆಸ್ಪತ್ರೆಯ ದೃಶ್ಯದಲ್ಲಿ ಒಂದು ಕ್ಷಣ ಚಿತ್ರವನ್ನು ನಿಲ್ಲಿಸಿ. ಇರುವೆಗಳೆಲ್ಲ ಸುಟ್ಟು ಬೂದಿಯಾದ ಮೇಲೂ, ಕಂಡದ್ದನ್ನು ಕಂಡಂತೆ ಹೇಳಿದ ಆ ಮನುಷ್ಯನನ್ನು ಬಿಡುಗಡೆ ಮಾಡಿದ ದೃಶ್ಯ ಚಿತ್ರದಲ್ಲಿ ಬರುವುದಿಲ್ಲ. ಅವನನ್ನು ಯಾರು ಬಿಡಿಸಬೇಕಿತ್ತು ಎಂದು ಮಕ್ಕಳನ್ನು ಕೇಳಿ. ಉತ್ತರ ಹೇಳಲು ಅವರಿಗೆ ಹೊತ್ತು ಕೊಡಿ.