ಗಾಲಿಯ ಮೇಲಿನ ಮನೆ ಮತ್ತು ಮಲಪ್ರಭೆಯ ನೀರು

(ಬೆಳಗಾವಿ ಮತ್ತು ಖಾನಾಪುರ ಭಾಗದ ಹಳ್ಳಿಗರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ನನಗೆ ಒಪ್ಪಿಸಿರುವ ವಿಷಯ ಚಿಕ್ಕದು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಒಳಗೆ ಇಬ್ಬರು ಮಲಗುವಷ್ಟು ಜಾಗವಿರುವ ಸಣ್ಣ ಟ್ರೇಲರು. ಅಂಥದೊಂದನ್ನು ನಾನು ಇಟ್ಟುಕೊಂಡಿದ್ದೇನೆ, ಅದರೊಡನೆ ಈ ಸೀಮೆಯಲ್ಲಿ ತಿರುಗಿದ್ದೇನೆ ಎಂಬ ಕಾರಣಕ್ಕೆ ನನ್ನನ್ನು ಕರೆದಿದ್ದಾರೆ. ಪರಿಸರದ ಸಭೆಯಲ್ಲಿ ಈ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿಗಳ ಮೂಲಕ ಚೋರ್ಲಾ ಘಾಟಿಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಭಾನುವಾರ ನಿಂತು ನೋಡಿದವರಿಗೆ ಕಾರಣ ತಾನೇ ತಿಳಿಯುತ್ತದೆ. ಅಲ್ಲಿ ಬರುವವರಲ್ಲಿ ಕಾರು, ಬೈಕುಗಳವರೇ ಹೆಚ್ಚು. ಗಾಲಿಯ ಮೇಲೆ ಮನೆ ಕಟ್ಟಿಕೊಂಡು ಬರುವವರು ವಿರಳ. ವಿರಳವಾಗಿರುವಾಗಲೇ ಅದರ ಕಟ್ಟುಪಾಡುಗಳನ್ನು ಮಾತನಾಡಿಕೊಳ್ಳುವುದು ಲೇಸು. ಹೆಚ್ಚಾದ ಮೇಲೆ ನಮ್ಮ ಮಾತನ್ನು ಕೇಳುವವರು ಇರುವುದಿಲ್ಲ.

ಹೊಸ ಹೆಸರು, ಹಳೆಯ ಪದ್ಧತಿ

ಗಾಲಿಯ ಮೇಲೆ ಮನೆಯನ್ನು ಕೊಂಡೊಯ್ಯುವುದು ನಮಗೆ ಹೊಸತಲ್ಲ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಗಳನ್ನು ನೀವೆಲ್ಲ ಕಂಡಿದ್ದೀರಿ. ಬಿದಿರಿನ ಕಮಾನು ಕಟ್ಟಿ, ಮೇಲೆ ತಟ್ಟು ಹೊದಿಸಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಕಿದರೆ ಮನೆ ಸಿದ್ಧ. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ, ಎತ್ತಿಗೆ ಮೇವು, ಅಡುಗೆಯ ಪಾತ್ರೆ ಎಲ್ಲವೂ ಅದರಲ್ಲೇ. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೂ ಗಡಿಯಾಚೆಯಿಂದ ಹೀಗೆಯೇ ಬರುತ್ತಾರೆ. ಈಚೆಗೆ ಚಕ್ಕಡಿಯ ಸ್ಥಾನವನ್ನು ಬಹುಮಟ್ಟಿಗೆ ಟ್ರ್ಯಾಕ್ಟರಿನ ಟ್ರೇಲರು ಹಿಡಿದಿದೆ; ತಟ್ಟಿನ ಬದಲು ತಾಡಪಾಲು ಬಂದಿದೆ. ಪದ್ಧತಿ ಅದೇ.

ಇನ್ನೂ ಹಿಂದಕ್ಕೆ ಹೋದರೆ, ಕರಾವಳಿಯ ಉಪ್ಪನ್ನು ಘಟ್ಟ ಹತ್ತಿಸಿ, ಬಯಲಿನ ಧಾನ್ಯವನ್ನು ಘಟ್ಟ ಇಳಿಸುತ್ತಿದ್ದ ಲಂಬಾಣಿಗರ ಎತ್ತುಗಳ ಸಾಲು. ಇಂದು ತಾಂಡಾ ಎಂದರೆ ನೆಲೆನಿಂತ ಊರು. ಮೂಲದಲ್ಲಿ ಅದು ನಡೆಯುವ ತಂಡದ ಹೆಸರು. ರೈಲು ಬಂದು ಅವರ ವ್ಯಾಪಾರವನ್ನು ಕಿತ್ತುಕೊಂಡಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಲೆಯುವ ಬದುಕನ್ನೇ ಗುಮಾನಿಗೆ ಗುರಿಮಾಡಿತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ನಮ್ಮ ಖಾನಾಪುರದ ಕಾಡುಗಳಲ್ಲಿ ಎಮ್ಮೆಗಳ ಹಿಂದೆ ನಡೆದು ಬಾಳುತ್ತಿದ್ದ ಗೌಳಿಗರೂ ಕಾಡಿನ ಕಾನೂನುಗಳ ನಡುವೆ ಒಂದೆಡೆ ನಿಲ್ಲಬೇಕಾಯಿತು. ಇಂದಿಗೂ ಕಬ್ಬು ಕಡಿಯುವ ಹಂಗಾಮಿನಲ್ಲಿ ಮಕ್ಕಳು ಮರಿಗಳ ಸಮೇತ ಸಂಸಾರವನ್ನೆಲ್ಲ ಟ್ರೇಲರಿಗೆ ಹೇರಿಕೊಂಡು ನಮ್ಮ ಜಿಲ್ಲೆಗೆ ಬರುವ ಕೂಲಿಕಾರರಿದ್ದಾರೆ. ಅವರ ಗಾಲಿಯ ಮನೆಗೆ ಪ್ರವಾಸವೆಂದು ಯಾರೂ ಕರೆಯುವುದಿಲ್ಲ.

ವಿಹಾರಕ್ಕೆಂದೇ ಮಾಡಿಸಿದ ಗಾಲಿಮನೆಯ ಕತೆ ಇಂಗ್ಲೆಂಡಿನದು. ನೌಕಾಪಡೆಯಲ್ಲಿ ವೈದ್ಯರಾಗಿದ್ದ ಗಾರ್ಡನ್ ಸ್ಟೇಬಲ್ಸ್ ಎಂಬವರು 1885ರಲ್ಲಿ ಬ್ರಿಸ್ಟಲಿನ ಬಂಡಿ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಬಂಡಿಯನ್ನು ಮಾಡಿಸಿದರು. ಅದನ್ನು ಎರಡು ಕುದುರೆಗಳು ಎಳೆಯುತ್ತಿದ್ದವು. ಇಕ್ಕಟ್ಟಾದ ದಾರಿಯಲ್ಲಿ ಎದುರಿನವರಿಗೆ ಎಚ್ಚರಿಕೆ ಕೊಡಲು ಸೇವಕನೊಬ್ಬ ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಹೋಗುತ್ತಿದ್ದ. 1919ರಲ್ಲಿ ಬರ್ಮಿಂಗ್‌ಹ್ಯಾಮಿನ ಎಕಲ್ಸ್ ಕಂಪನಿ ಕಾರಿನ ಹಿಂದೆ ಎಳೆಯುವ ಗಾಲಿಮನೆಗಳನ್ನು ಮಾರತೊಡಗಿತು. 1930ರ ದಶಕದಲ್ಲಿ ಅಮೆರಿಕದಲ್ಲಿ ನೀರಹನಿಯ ಆಕಾರದ ಪುಟ್ಟ ಟ್ರೇಲರುಗಳು ಬಂದವು. ಅವನ್ನು ಸ್ವಂತ ಕೈಯಿಂದ ಮಾಡಿಕೊಳ್ಳುವ ನಕ್ಷೆಗಳು ಪತ್ರಿಕೆಗಳಲ್ಲಿ ಅಚ್ಚಾದವು. ನನ್ನ ಬಳಿ ಇರುವುದು ಆ ಜಾತಿಯದೇ.

ಈ ಚರಿತ್ರೆಯನ್ನು ಹೇಳಲು ಒಂದು ಕಾರಣವಿದೆ. ಹೊಟ್ಟೆಪಾಡಿಗಾಗಿ ಅಲೆಯುವವನು ಊರ ಹೊರಗೆ ಬಿಡಾರ ಹೂಡಿದರೆ ಎಬ್ಬಿಸಿ ಕಳಿಸುತ್ತೇವೆ. ಸಂತೋಷಕ್ಕಾಗಿ ಅಲೆಯುವವನು ಅದೇ ಜಾಗದಲ್ಲಿ ನಿಂತರೆ ಅತಿಥಿ ಎನ್ನುತ್ತೇವೆ. ನಾನು ಎರಡನೆಯ ಗುಂಪಿಗೆ ಸೇರಿದವನು. ಆದುದರಿಂದ ನನ್ನ ಮೇಲೆ ಹೊಣೆ ಹೆಚ್ಚು.

ಬಂಡಿಕಾರನ ಜ್ಞಾನ

ಇನ್ನು ಟ್ರೇಲರಿನ ವಿಚಾರ. ನನ್ನದನ್ನು ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಟ್ಟಿಸಿದೆ. ಏಳು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಕಾಟಾದ ಮೇಲೆ ತೂಗಿದಾಗ ಖಾಲಿ ತೂಕ 380 ಕಿಲೋ. 40 ಲೀಟರು ನೀರು, ಹಾಸಿಗೆ, ಒಲೆ, ದಿನಸಿ ಸೇರಿದರೆ 500 ಕಿಲೋ ಮುಟ್ಟುತ್ತದೆ. ಹಿಂಬದಿಯ ಬಾಗಿಲು ಎತ್ತಿದರೆ ಅಡುಗೆಯ ಕಟ್ಟೆ. ಒಳಗೆ ಎದ್ದು ನಿಲ್ಲಲು ಆಗುವುದಿಲ್ಲ, ಮಲಗಲು ಮಾತ್ರ ಸಾಧ್ಯ. ಅಷ್ಟೇ ಸಾಕು. ದೊಡ್ಡದು ಬೇಕೆನ್ನುವವನಿಗೆ ದೊಡ್ಡ ಕಾರು, ಅಗಲವಾದ ರಸ್ತೆ, ಸಮತಟ್ಟಾದ ದೊಡ್ಡ ನಿಲ್ದಾಣ ಬೇಕಾಗುತ್ತವೆ. ಅವುಗಳಿಗಾಗಿ ಮರ ಕಡಿಯಬೇಕಾಗುತ್ತದೆ. ಸಣ್ಣದರ ಗುಣವಿರುವುದು ಅದು ಏನನ್ನೂ ಬೇಡುವುದಿಲ್ಲ ಎಂಬುದರಲ್ಲಿ.

ಇದನ್ನು ಎಳೆಯುವುದಕ್ಕೆ ಬೇಕಾದ ಮೊದಲ ಪಾಠ ಚಕ್ಕಡಿ ಹೊಡೆದವರಿಗೆ ಗೊತ್ತೇ ಇದೆ. ಹೇರು ಹಿಂಭಾರವಾದರೆ ನೊಗ ಮೇಲೇಳುತ್ತದೆ. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರಿಗೂ ಇದೇ ನ್ಯಾಯ. ಒಟ್ಟು ತೂಕದ ಸುಮಾರು ಹತ್ತರಲ್ಲೊಂದು ಪಾಲು ಕಾರಿನ ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕು. ಹಿಂಭಾರವಾದರೆ ವೇಗ ಹೆಚ್ಚಿದಂತೆ ಟ್ರೇಲರು ಹಾವಿನಂತೆ ಹೊರಳಾಡತೊಡಗುತ್ತದೆ. ಆಗ ಗಾಬರಿಯಿಂದ ಬ್ರೇಕು ತುಳಿಯಬಾರದು. ವೇಗದ ಕಾಲನ್ನು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು ನಿಧಾನಿಸಬೇಕು. ಎಷ್ಟು ತೂಕವನ್ನು ಎಳೆಯಬಹುದೆಂದು ಕಾರಿನ ಕೈಪಿಡಿಯಲ್ಲಿ ಇಲ್ಲದಿದ್ದರೆ ಆ ಕಾರಿಗೆ ಕಟ್ಟದಿರುವುದೇ ಕ್ಷೇಮ.

ಘಟ್ಟ ಇಳಿಯುವಾಗ ಕೆಳಗಿನ ಗೇರಿನಲ್ಲೇ ಇಳಿಯಬೇಕು. ಬ್ರೇಕನ್ನು ಒತ್ತಿಕೊಂಡೇ ಬಂದರೆ ಅದು ಕಾದು, ಬೇಕಾದ ಹೊತ್ತಿಗೆ ಹಿಡಿಯುವುದಿಲ್ಲ. ತಿರುವಿನಲ್ಲಿ ಟ್ರೇಲರಿನ ಗಾಲಿ ಕಾರಿನ ಗಾಲಿಗಿಂತ ಒಳಗೆ ಸರಿಯುತ್ತದೆ. ಬದಿಯಲ್ಲಿ ನಡೆದು ಹೋಗುವವರು ಇದ್ದಾರೆಂಬ ನೆನಪಿರಬೇಕು. ಹಿಂದಕ್ಕೆ ತರುವಾಗ ಟ್ರೇಲರು ಸ್ಟಿಯರಿಂಗು ತಿರುಗಿಸಿದ ದಿಕ್ಕಿಗೆ ವಿರುದ್ಧವಾಗಿ ಹೊರಳುತ್ತದೆ. ಇದನ್ನು ಖಾಲಿ ಬಯಲಿನಲ್ಲಿ ಕಲಿತ ಮೇಲೆಯೇ ರಸ್ತೆಗೆ ಬರಬೇಕು. ಹೊರಡುವ ಮುನ್ನ ಕೊಂಡಿ, ಅಡ್ಡವಾಗಿ ಕಟ್ಟುವ ಎರಡು ಸರಪಳಿ, ಗಾಲಿಯ ನಟ್ಟು, ಹಿಂದಿನ ದೀಪ ಇಷ್ಟನ್ನೂ ಕೈಯಿಂದ ಮುಟ್ಟಿ ನೋಡಬೇಕು. ಹಿಂದಿನವರು ಕಡೆಗೀಲನ್ನು ಮುಟ್ಟಿ ನೋಡುತ್ತಿದ್ದಂತೆ. ಓಡುವ ಟ್ರೇಲರಿನೊಳಗೆ ಯಾರನ್ನೂ, ಮಕ್ಕಳನ್ನಂತೂ, ಎಂದಿಗೂ ಕೂರಿಸಬಾರದು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ವಾಹನವೆಂಬ ಪದದ ಅರ್ಥದೊಳಗೆ ಟ್ರೇಲರೂ ಸೇರಿದೆ. ಇಂಜಿನ್ ಇಲ್ಲವಲ್ಲ ಎಂದು ನೋಂದಣಿಯಿಲ್ಲದೆ ಎಳೆಯುವಂತಿಲ್ಲ. ಕಟ್ಟಿಸುವ ಆಸೆಯಿರುವ ವಿದ್ಯಾರ್ಥಿಗಳು ಕಬ್ಬಿಣ ಕೊಳ್ಳುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಹಿಂದೆ ಉಳಿಯುವುದೇನು?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಗಾಲಿಯ ಮನೆಗೆ ಬುನಾದಿಯಿಲ್ಲ. ರೆಸಾರ್ಟಿನಂತೆ ಅದು ಗುಡ್ಡವನ್ನು ಕಡಿಯುವುದಿಲ್ಲ, ಕೊಳವೆಬಾವಿ ಕೊರೆಯುವುದಿಲ್ಲ, ಬೇಲಿ ಹಾಕುವುದಿಲ್ಲ. ಬೆಳಿಗ್ಗೆ ಹೊರಟುಹೋದರೆ ಹುಲ್ಲು ಮತ್ತೆ ತಲೆಯೆತ್ತುತ್ತದೆ. ಇದು ಅದರ ಪರವಾದ ದೊಡ್ಡ ವಾದ. ಆದರೆ ಈ ವಾದ ಅರ್ಧ ಮಾತ್ರ ನಿಜ. ಮನೆ ಹೊರಟುಹೋಗುತ್ತದೆ, ಮನೆಯ ಬಚ್ಚಲು ಹಿಂದೆ ಉಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ಒಂದು ಟ್ರೇಲರಿನಲ್ಲಿ 40 ಲೀಟರು ನೀರು. ಹತ್ತು ಟ್ರೇಲರು ಒಂದು ಹೊಳೆಯ ದಂಡೆಯಲ್ಲಿ ನಿಂತರೆ 400 ಲೀಟರು ಸೋಪಿನ, ಎಣ್ಣೆಯ ನೀರು. ಜೊತೆಗೆ ಇಪ್ಪತ್ತು ಜನರ ಮಲಮೂತ್ರ. ಗಿಡಮೂಲಿಕೆಯದು ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಹೊಳೆಯ ಪಾಲಿಗೆ ಸೋಪು ಸೋಪೇ. ಚರ್ಮದಿಂದಲೂ ಉಸಿರಾಡುವ ಕಪ್ಪೆಗಳಿಗೆ ಆ ನೀರು ಏನು ಮಾಡೀತೆಂಬುದನ್ನು ಜೀವಶಾಸ್ತ್ರ ಓದುವ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ.

ಈ ಹೊಳೆಗಳು ಎಲ್ಲಿಗೆ ಹೋಗುತ್ತವೆ? ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಖಾನಾಪುರವನ್ನು ಹಾದು, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹುಬ್ಬಳ್ಳಿ ಧಾರವಾಡದ ಜನ ಆ ಜಲಾಶಯದ ನೀರನ್ನು ಕುಡಿಯುತ್ತಾರೆ. ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವ ಭಕ್ತರು ಬಿಡಾರ ಹೂಡುವುದು ಅದರ ಆಸುಪಾಸಿನಲ್ಲಿ. ಮೇಲೆ ಕಣಕುಂಬಿಯಲ್ಲಿ ನಾವು ಪಾತ್ರೆ ತೊಳೆದ ನೀರು ಕೆಳಗೆ ಯಾರದೋ ಕೊಡದಲ್ಲಿ ಸೇರುತ್ತದೆ.

ಇನ್ನು ಕಾಡು. ಭೀಮಗಡ ವನ್ಯಜೀವಿಧಾಮವನ್ನು ಘೋಷಿಸಿದ್ದು 2011ರ ಡಿಸೆಂಬರಿನಲ್ಲಿ, ವಿಸ್ತೀರ್ಣ 190.42 ಚದರ ಕಿಲೋಮೀಟರು. ಅದರ ಬಾರಾಪೇಡೆ ಗುಹೆಯಲ್ಲಿರುವ ರೌಟನ್ ಬಾವಲಿ 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾದದ್ದು. ಬಹುಕಾಲ ಜಗತ್ತಿನಲ್ಲಿ ಬೇರೆಲ್ಲೂ ಅದು ಕಂಡಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಹೊರಗಿನವರು ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಹೋಗುವಂತಿಲ್ಲ, ಕಸ ಎಸೆಯುವಂತಿಲ್ಲ, ಕಾಡಿಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವಂತಿಲ್ಲ. ಕಾನೂನಿನ ಗೆರೆ ಅಲ್ಲಿಗೆ ಮುಗಿಯಬಹುದು, ಕರಡಿಯ ಗೆರೆ ಮುಗಿಯುವುದಿಲ್ಲ. ಕಾಡಂಚಿನಲ್ಲಿ ಪ್ರವಾಸಿ ಬಿಟ್ಟುಹೋದ ಅನ್ನದ ವಾಸನೆಗೆ ಇಂದು ರಾತ್ರಿ ಬರುವ ಕರಡಿ, ನಾಳೆ ಅದೇ ದಾರಿಯಲ್ಲಿ ಸೌದೆ ತರಲು ಹೋಗುವ ತಾಯಿಗೆ ಎದುರಾಗುತ್ತದೆ. ಪ್ರವಾಸಿ ಅಷ್ಟುಹೊತ್ತಿಗೆ ಬೆಳಗಾವಿಯಲ್ಲಿ ಇರುತ್ತಾನೆ.

ಇನ್ನೊಂದು ಮಾತನ್ನೂ ಮರೆಮಾಚಬಾರದು. ಟ್ರೇಲರು ಕಟ್ಟಿದ ಕಾರು ಹೆಚ್ಚು ಎಣ್ಣೆ ಕುಡಿಯುತ್ತದೆ. ಬೆಳಗಾವಿಯಿಂದ ಖಾನಾಪುರಕ್ಕೆ, ಲೋಂಡಾಕ್ಕೆ ರೈಲಿದೆ. ಒಂದು ದಿನಕ್ಕೆ ಬಂದು ಹೋಗುವವರು ರೈಲಿನಲ್ಲಿ ಬರುವುದೇ ಮೇಲು. ಹತ್ತಿರದ ಒಂದೇ ಊರಿಗೆ ಹೋಗಿ ಮೂರು ನಾಲ್ಕು ದಿನ ನಿಲ್ಲುವುದಾದರೆ ಮಾತ್ರ ಟ್ರೇಲರಿಗೆ ಅರ್ಥವಿದೆ.

ಊರು ಹಾಕಬೇಕಾದ ಷರತ್ತು

ಕರ್ನಾಟಕ ಸರಕಾರ 2020ರಲ್ಲಿ ತಂದ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಸ್ಥಾನ ಕೊಟ್ಟಿತು. ಕೇರಳ 2021ರಲ್ಲಿ ‘ಕೇರವಾನ್’ ಎಂಬ ಹೆಸರಿನಲ್ಲಿ ತನ್ನ ಯೋಜನೆಯನ್ನು ಆರಂಭಿಸಿತು. ಇಂಥ ನೀತಿಗಳಲ್ಲಿ ದೊಡ್ಡ ವಾಹನ, ದೊಡ್ಡ ಪಾರ್ಕು, ದೊಡ್ಡ ಬಂಡವಾಳಗಳ ಕಡೆಗೆ ಒಲವು ಸಹಜ. ಮಲೆಸೀಮೆಗೆ ಒಪ್ಪುವುದು ಅದಲ್ಲ. ಇಲ್ಲಿ ಟ್ರೇಲರು ನಿಲ್ಲಬೇಕಾದದ್ದು ಹೊಳೆದಂಡೆಯಲ್ಲಿ ಅಲ್ಲ, ಕಾಡಂಚಿನಲ್ಲಿ ಅಲ್ಲ, ದನ ಮೇಯುವ ಗೋಮಾಳದಲ್ಲಿಯೂ ಅಲ್ಲ. ಒಬ್ಬ ರೈತನ ಅಂಗಳದಲ್ಲಿ, ಅವನ ಒಪ್ಪಿಗೆಯಿಂದ, ಅವನಿಗೆ ಬಾಡಿಗೆ ಕೊಟ್ಟು.

ಹಳ್ಳಿಯ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟು. ಗ್ರಾಮಸಭೆಯಲ್ಲಿ ಕುಳಿತು ಕೆಲವು ಷರತ್ತುಗಳನ್ನು ಬರೆದಿಡಿ. ಒಂದು ಊರಿಗೆ ಏಕಕಾಲಕ್ಕೆ ಎರಡು ಮೂರಕ್ಕಿಂತ ಹೆಚ್ಚು ಟ್ರೇಲರು ಬೇಡ. ಬಂದವರ ಹೆಸರು ಬರೆದುಕೊಳ್ಳುವ, ಬಾಡಿಗೆ ಪಡೆಯುವ ಕೆಲಸ ಮಹಿಳೆಯರ ಸ್ವಸಹಾಯ ಸಂಘದ್ದಾಗಲಿ. ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಬಾಳೆಯ ಬುಡದ ಗುಂಡಿಗೆ ಹಾಕಲಿ. ಶೌಚಕ್ಕೆ ಮುಚ್ಚಳವಿರುವ ಡಬ್ಬಿ, ಕಟ್ಟಿಗೆಯ ಹೊಟ್ಟು ತಂದು, ಮರಳಿ ತಮ್ಮ ಮನೆಗೇ ಒಯ್ಯಲಿ. ನಾನು ಹಾಗೆಯೇ ಮಾಡುತ್ತೇನೆ, ಅದರಲ್ಲಿ ಕಷ್ಟವೇನೂ ಇಲ್ಲ. ಪ್ಲಾಸ್ಟಿಕ್ಕು ಬಂದ ಚೀಲದಲ್ಲೇ ವಾಪಸು ಹೋಗಲಿ. ಹೊರಗೆ ಬೆಂಕಿಯಿಲ್ಲ, ರಾತ್ರಿ ಹಾಡಿನ ಅಬ್ಬರವಿಲ್ಲ, ಕಾಡಿನ ಕಡೆಗೆ ದೀಪವಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ, ಮಣ್ಣು ಮೆತ್ತಗಿರುವ ಕಾಲದಲ್ಲಿ, ಟ್ರೇಲರು ಬೇಡವೇ ಬೇಡ.

ನಮ್ಮ ಮಾತಿಗೆ ಬಲವೇನು ಎಂದು ಕೇಳುವವರಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯ 5ನೆಯ ಕಲಮನ್ನು ಓದಿ. ಕಾಡು, ವನ್ಯಜೀವಿ, ಜಲಾನಯನ ಪ್ರದೇಶ, ನೀರಿನ ಮೂಲಗಳನ್ನು ಕಾಪಾಡುವ ಅಧಿಕಾರವನ್ನು ಅದು ಹಕ್ಕುದಾರರಿಗೂ ಗ್ರಾಮಸಭೆಗೂ ಕೊಟ್ಟಿದೆ. ಬಳಸದ ಅಧಿಕಾರ ತುಕ್ಕು ಹಿಡಿಯುತ್ತದೆ.

ವಿದ್ಯಾರ್ಥಿ ಮಿತ್ರರೆ, ನಿಮಗೂ ಕೆಲಸವಿದೆ. ಈ ಷರತ್ತುಗಳನ್ನು ಕನ್ನಡ, ಮರಾಠಿ, ಕೊಂಕಣಿಗಳಲ್ಲಿ ಬರೆದು ರಸ್ತೆಬದಿಯಲ್ಲಿ ನಿಲ್ಲಿಸಿ. ಬೇಸಿಗೆಯಲ್ಲಿ ಒಂದು ಹೊಳೆಯನ್ನು ಆರಿಸಿಕೊಂಡು, ಜನ ಬಂದು ಹೋಗುವ ಮೊದಲು ಮತ್ತು ಅನಂತರ ಅದರ ನೀರು, ಕಪ್ಪೆ, ಮೀನುಗಳನ್ನು ಎಣಿಸಿ ದಾಖಲೆ ಮಾಡಿ. ಗ್ರಾಮಸಭೆಯ ಕೈಯಲ್ಲಿ ಅಂಥ ದಾಖಲೆಯಿದ್ದರೆ ಅದರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

ಸಣ್ಣ ಮನೆ ಹೊತ್ತು ಬಂದವನು ಸಣ್ಣ ಹೆಜ್ಜೆಯನ್ನೇ ಇಟ್ಟು ಹೋಗಬೇಕು. ಅದು ಅವನ ಒಳ್ಳೆಯತನವನ್ನು ನಂಬಿ ಕೂರುವ ವಿಷಯವಾಗಬಾರದು, ಊರಿನ ಒಪ್ಪಂದವಾಗಬೇಕು.